ಇನಾರಿ ಗುಡ್ಡದ ಅಕ್ಕಿ ದೇವರು

ಜಪಾನಿನ ಫೋಟೋಗಳನ್ನು ನೋಡಿದವರಿಗೆಲ್ಲ ಈ ಜಾಗದ ಪರಿಚಯ ಇದ್ದೇ ಇರುತ್ತೆ. ಒಂದರ ಹಿಂದೆ ಒಂದರಂತೆ ಒತ್ತೊತ್ತಾಗಿ ನಿಂತ ಕೇಸರಿಗೆಂಪು ಬಣ್ಣದ ಕಮಾನುಗಳು, ಅವುಗಳ ಒಳಗಿಂದ ಗುಡ್ಡ ಹತ್ತುವ ಕಲ್ಲಿನ ದಾರಿ, ದಾರಿ ತುಂಬ ಜನ. ಕ್ಯೋಟೋ ನಗರದ ದಕ್ಷಿಣಕ್ಕಿರುವ ಫುಶಿಮಿ ಇನಾರಿ ತೈಶಾ ಅದು. ನಾನಿರುವುದು ಒಸಾಕಾದಲ್ಲಿ. ಊರಿಂದ ಯಾರೇ ಬಂದರೂ ಅಲ್ಲಿಗೆ ಕರಕೊಂಡು ಹೋಗೋದು ಒಂದು ಪದ್ಧತಿಯೇ ಆಗಿಬಿಟ್ಟಿತ್ತು. ಹಾಗೆ ಮೂರು ಸಲ ಹೋಗಿದ್ದೆ. ಟಿಕೆಟ್ ಇಲ್ಲ, ಬಾಗಿಲು ಹಾಕೋ ಹೊತ್ತೂ ಇಲ್ಲ. ಫೋಟೋ ತೆಗೆಯೋದು, ಅರ್ಧ ಗುಡ್ಡ ಹತ್ತೋದು, ಕಾಲು ನೋವು ಅಂತ ಇಳಿದು ಬರೋದು. "ಇದು ಯಾವ ದೇವರು?" ಅಂತ ಕೇಳಿದವರಿಗೆ "ನರಿ ದೇವರು" ಅಂದು ಕೈ ತೊಳಕೊಳ್ಳುತ್ತಿದ್ದೆ. ಅದು ಶುದ್ಧ ತಪ್ಪು ಅಂತ ಗೊತ್ತಾಗಿದ್ದು ನಾಲ್ಕನೇ ಸಲ ಹೋದಾಗ.

ನಾಲ್ಕನೇ ಸಲ ಹೋಗಿದ್ದು 2024ರ ಜೂನ್ 10ರಂದು. ಸೋಮವಾರ. ಆಫೀಸಿಗೆ ರಜೆ ಹಾಕಿ ಒಬ್ಬನೇ ಹೋದೆ. ಯಾಕಂದರೆ ಆ ದಿನ ಅಲ್ಲಿ ನೆಟ್ಟಿ. ಹೌದು, ಭತ್ತದ ನೆಟ್ಟಿಯೇ! ಆ ದೇವಸ್ಥಾನಕ್ಕೆ ಅದರದೇ ಆದ ಒಂದು ಗದ್ದೆ ಇದೆ. ಪ್ರತಿ ವರ್ಷ ಜೂನ್ 10ಕ್ಕೆ ಅದರಲ್ಲಿ ಸಸಿ ನೆಡುತ್ತಾರೆ.

ನೆಟ್ಟಿ ನೋಡೋದಕ್ಕೆ ರಜೆ ಹಾಕುವಷ್ಟು ಭಕ್ತಿ ನನಗೆಲ್ಲಿಂದ ಬಂತು ಅಂತೀರಾ? ಅದಕ್ಕೂ ಒಂದು ಕಾರಣ ಇತ್ತು. ಹಿಂದಿನ ವಾರ ಊರಿಂದ ಅಪ್ಪಯ್ಯ ಫೋನ್ ಮಾಡಿದ್ದರು. ತೀರ್ಥಹಳ್ಳಿ ಹತ್ತಿರ ನಮ್ಮದು ನಾಲ್ಕು ಗದ್ದೆ. "ಮುಂದಿನ ಮಳೆಗಾಲಕ್ಕೆ ಗದ್ದೆಗೆಲ್ಲ ಅಡಿಕೆ ಇಡೋಣ ಅಂತ ಮಾಡಿದೀನಿ ಮಾರಾಯ. ನೆಟ್ಟಿಗೆ ಜನ ಸಿಗಲ್ಲ, ಸಿಕ್ಕಿದ್ರೆ ಕೊಡೋ ಕೂಲಿ ಭತ್ತದಲ್ಲಿ ಹುಟ್ಟಲ್ಲ, ಉಳಿದಿದ್ದು ಹಂದಿಗೆ. ಎಲ್ಲರೂ ಇಟ್ಟಾಯ್ತು. ನೀನೇನಂತೀಯ?" ನಾನು "ಯೋಚನೆ ಮಾಡಿ ಹೇಳ್ತೀನಿ" ಅಂದೆ. ವರ್ಷಕ್ಕೊಮ್ಮೆ ಹತ್ತು ದಿನ ಊರಿಗೆ ಹೋಗುವ ನಾನು ಏನು ಹೇಳಬೇಕಿತ್ತು? ಆ ವಾರವಿಡೀ ಗದ್ದೆಯೇ ತಲೆಯಲ್ಲಿ. ಆಗ ಈ ನೆಟ್ಟಿಯ ವಿಷಯ ಕಣ್ಣಿಗೆ ಬಿತ್ತು. ಹೊರಟುಬಿಟ್ಟೆ.

ಕೇಹಾನ್ ರೈಲಿನಲ್ಲಿ ಫುಶಿಮಿ ಇನಾರಿ ಸ್ಟೇಷನ್ನಿನಲ್ಲಿ ಇಳಿದು ಐದು ನಿಮಿಷ ನಡೆದರೆ ದೇವಸ್ಥಾನದ ಬೀದಿ. ನಮ್ಮ ಯಾವುದೇ ಕ್ಷೇತ್ರದ ಬೀದಿಯ ಹಾಗೇ. ನರಿಯ ಮುಖವಾಡದ ಆಕಾರದ ಬಿಸ್ಕತ್ತು, ಮಣ್ಣಿನ ಗೊಂಬೆ, ತಾಯಿತ, ಕೀಚೈನು. ಟೋಫುವನ್ನು ಕರಿದು ಚೀಲದ ಹಾಗೆ ಮಾಡಿ ಒಳಗೆ ಅನ್ನ ತುಂಬಿದ ತಿಂಡಿ, ಅದರ ಹೆಸರೇ ಇನಾರಿ ಝುಶಿ. ತೋಕ್ಯೋ ಕಡೆ ಅದನ್ನು ಅಕ್ಕಿ ಮೂಟೆಯ ಆಕಾರಕ್ಕೆ ಕಟ್ಟುತ್ತಾರೆ, ನಮ್ಮ ಒಸಾಕಾ ಕ್ಯೋಟೋ ಕಡೆ ನರಿಯ ಕಿವಿಯ ಹಾಗೆ ಮುಮ್ಮೂಲೆಯಾಗಿ. ನರಿಗೆ ಕರಿದ ಟೋಫು ಇಷ್ಟ ಅಂತ ನಂಬಿಕೆ. ಒಂದೆರಡು ಹಳೇ ಅಂಗಡಿಗಳಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಗುಬ್ಬಿಯನ್ನೂ ಮಾರುತ್ತಾರೆ. ಇಡೀ ಗುಬ್ಬಿ, ತಲೆ ಸಮೇತ! ಮೊದಲ ಸಲ ನೋಡಿದಾಗ ನಾನು ಮುಖ ತಿರುಗಿಸಿದ್ದೆ. ಅದು ಇಲ್ಲಿ ಯಾಕೆ ಅನ್ನೋದು ಆಮೇಲೆ ತಿಳಿಯಿತು. ಗುಬ್ಬಿ ಭತ್ತದ ತೆನೆ ತಿನ್ನುತ್ತೆ, ಆದ್ದರಿಂದ ಅಕ್ಕಿ ದೇವರ ಎದುರು ಅದಕ್ಕೆ ಶಿಕ್ಷೆ. ಪಾಪ.

ಇರಲಿ, ಚರಿತ್ರೆಗೆ ಬರೋಣ.

ಈ ದೇವಸ್ಥಾನ ಶುರುವಾಗಿದ್ದು ಕ್ರಿ.ಶ. 711ರಲ್ಲಿ ಅಂತ ಅಲ್ಲಿನ ಸಂಪ್ರದಾಯ ಹೇಳುತ್ತೆ. ಎರಡನೇ ತಿಂಗಳ ಮೊದಲ 'ಕುದುರೆ ದಿನ'ದಂದು ದೇವರು ಗುಡ್ಡದ ಮೇಲೆ ಇಳಿದನಂತೆ (ಅವರ ಹಳೆಯ ಪಂಚಾಂಗದಲ್ಲಿ ದಿನಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು). ಹುಟ್ಟಿನ ಕಥೆ ಇರುವುದು 'ಫುದೋಕಿ' ಎಂಬ ಪ್ರಾಂತ್ಯವಾರು ದಾಖಲೆಯಲ್ಲಿ. 713ರಲ್ಲಿ ಆಸ್ಥಾನದ ಅಪ್ಪಣೆ ಮೇರೆಗೆ ಪ್ರತಿ ಪ್ರಾಂತ್ಯದವರೂ ತಮ್ಮ ಊರು, ಬೆಳೆ, ಸ್ಥಳಪುರಾಣ ಎಲ್ಲ ಬರೆದು ಕಳಿಸಬೇಕಾಗಿತ್ತು. ನಮ್ಮ ಗೆಜೆಟಿಯರ್ ಥರ ಅನ್ನಿ. ಕ್ಯೋಟೋ ಇರುವ ಯಾಮಾಶಿರೋ ಪ್ರಾಂತ್ಯದ ಫುದೋಕಿ ಪೂರ್ತಿ ಉಳಿದಿಲ್ಲ. ಬೇರೆ ಪುಸ್ತಕಗಳು ಎತ್ತಿ ಹೇಳಿದ ತುಣುಕುಗಳಲ್ಲಿ ಈ ಕಥೆ ಸಿಕ್ಕಿದೆ.

ಹಾತಾ ಮನೆತನದ ಇರೋಗು ಅಂತ ಒಬ್ಬ ಸಾಹುಕಾರ. ಅಕ್ಕಿ ರಾಶಿ ರಾಶಿ. ಎಷ್ಟು ಅಂದರೆ ಅನ್ನ ಕುಟ್ಟಿ ಮಾಡುವ 'ಮೋಚಿ' ಉಂಡೆಯನ್ನೇ ಗುರಿಯಾಗಿಟ್ಟು ಬಾಣ ಬಿಡುವ ಆಟ ಆಡಿದನಂತೆ. ಬಾಣ ಬಿಟ್ಟದ್ದೇ ತಡ, ಆ ಉಂಡೆ ಬಿಳೀ ಹಕ್ಕಿಯಾಗಿ ಹಾರಿಹೋಗಿ ಗುಡ್ಡದ ನೆತ್ತಿಯ ಮೇಲೆ ಕೂತಿತು. ಕೂತಲ್ಲಿ ಭತ್ತ ಬೆಳೆಯಿತು. 'ಇನೆ' ಅಂದರೆ ಭತ್ತದ ಪೈರು, 'ನರಿ' ಅಂದರೆ ಆಯಿತು, ಬೆಳೆಯಿತು. ಇನೆ ನರಿ, ಇನಾರಿ. (ನಮ್ಮ ನರಿಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಕಾಕತಾಳೀಯ ಚೆನ್ನಾಗಿದೆ ಅಲ್ವಾ?) ಇರೋಗುವಿನ ವಂಶದವರು ತಪ್ಪೊಪ್ಪಿಕೊಂಡು, ಅಲ್ಲಿಯ ಗಿಡವೊಂದನ್ನು ಕಿತ್ತು ತಂದು ಮನೆಯ ಹತ್ತಿರ ನೆಟ್ಟು ಪೂಜೆ ಮಾಡಿದರಂತೆ. ನೆಟ್ಟ ಗಿಡ ಚಿಗುರಿದರೆ ದೇವರ ದಯೆ, ಬಾಡಿದರೆ ಇಲ್ಲ ಅನ್ನುವ ಮಾತನ್ನೂ ಆ ದಾಖಲೆ ಸೇರಿಸಿದೆ.

ಈ ಕಥೆಯನ್ನು ಓದಿದಾಗ ನನಗೆ ಥಟ್ಟಂತ ನೆನಪಾಗಿದ್ದು ನನ್ನ ಅಜ್ಜಿ. ಬಟ್ಟಲಲ್ಲಿ ಒಂದಗುಳು ಬಿಟ್ಟರೆ ಬೈಯುತ್ತಿದ್ದರು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಕಾಲಿಗೆ ಸಿಗದಂತೆ ಒಂದೊಂದೇ ಆರಿಸುತ್ತಿದ್ದರು. ಇರೋಗು ಅಜ್ಜಿಯ ಕೈಗೆ ಸಿಕ್ಕಿದ್ದರೆ ಹಕ್ಕಿ ಹಾರುವ ತನಕ ಕಾಯಬೇಕಿರಲಿಲ್ಲ.

ಇನ್ನೊಂದು ಸಂಗತಿ ಗಮನಿಸಿ. ಹಾತಾ ಮನೆತನದವರು ಮೂಲದಲ್ಲಿ ಜಪಾನಿನವರಲ್ಲ. ಕೊರಿಯಾ ಪರ್ಯಾಯದ್ವೀಪದ ಕಡೆಯಿಂದ ವಲಸೆ ಬಂದ ಜನ. ನೀರಾವರಿ, ರೇಷ್ಮೆ, ಮದ್ಯ ತಯಾರಿಕೆ ಇವೆಲ್ಲದರಲ್ಲಿ ಪಳಗಿದವರು. ಕ್ಯೋಟೋದ ಪಶ್ಚಿಮಕ್ಕೆ ಕಾತ್ಸುರಾ ನದಿಗೆ ಅಡ್ಡಗಟ್ಟೆ ಕಟ್ಟಿ ಬಯಲಿಗೆ ನೀರು ಹರಿಸಿದ್ದೂ ಇವರೇ. ಆ ಕಡೆ 701ರಲ್ಲಿ ಮಾತ್ಸುನೋ ದೇವಸ್ಥಾನ ಕಟ್ಟಿದವರೂ ಇವರೇ. ಅಂದರೆ ಜಪಾನಿನಲ್ಲಿ ಅತಿ ಹೆಚ್ಚು ಗುಡಿಗಳಿರುವ ದೇವರ ಮೂಲಸ್ಥಾನ ಹೊರಗಿನಿಂದ ಬಂದ ರೈತಾಪಿ ಮನೆತನವೊಂದರ ಮನೆದೇವರಾಗಿತ್ತು! ಇವತ್ತು ಇನಾರಿ ಗುಡಿಗಳು ದೇಶದಲ್ಲಿ ಸುಮಾರು 30,000 ಇವೆ ಅನ್ನುತ್ತಾರೆ. ಮನೆಯಂಗಳದ, ಕಾರ್ಖಾನೆಯ, ಅಂಗಡಿ ಮಾಳಿಗೆಯ ಪುಟ್ಟ ಗುಡಿಗಳನ್ನು ಲೆಕ್ಕ ಇಟ್ಟವರಿಲ್ಲ.

ಮುಖ್ಯ ದೇವರ ಹೆಸರು ಉಕಾನೋಮಿತಾಮಾ. ಆ ಹೆಸರಿನಲ್ಲೇ ಆಹಾರ, ಧಾನ್ಯ ಅನ್ನುವ ಅರ್ಥ ಇದೆ. ಜೊತೆಗಿರುವ ನಾಲ್ವರು ದೇವರುಗಳಲ್ಲಿ ಒಬ್ಬನ ಹೆಸರು ತಾನಾಕಾ, ಅಂದರೆ 'ಗದ್ದೆಯ ನಡುವೆ'. ನಮ್ಮ ಆಫೀಸಿನಲ್ಲೇ ಮೂವರು ತಾನಾಕಾಗಳಿದ್ದಾರೆ, ಅವರಲ್ಲಿ ಒಬ್ಬರೂ ಗದ್ದೆಗೆ ಇಳಿದವರಲ್ಲ.

ರಾಜರ ಕಣ್ಣಿಗೆ ಈ ದೇವರು ಬಿದ್ದ ಕಥೆಯೂ ಸ್ವಾರಸ್ಯವಾಗಿದೆ. 827ರಲ್ಲಿ ಜುನ್ನಾ ಚಕ್ರವರ್ತಿಗೆ ಕಾಯಿಲೆ. ಪ್ರಶ್ನೆ ಹಾಕಿ ನೋಡಿದರೆ, ತೋಜಿ ಎಂಬ ಬೌದ್ಧ ದೇವಾಲಯದ ಗೋಪುರಕ್ಕೆ ಇನಾರಿ ಗುಡ್ಡದ ಮರ ಕಡಿದದ್ದೇ ಕಾರಣ ಅಂತ ಬಂತು. ದೇವರ ಸಿಟ್ಟು ಇಳಿಸಲು ಆಸ್ಥಾನ ಏನು ಮಾಡಿತು ಗೊತ್ತೆ? ಬಡ್ತಿ ಕೊಟ್ಟಿತು! ಅಧಿಕಾರಿಗಳಿಗೆ ಕೊಡುವಂಥ ದರ್ಜೆಯನ್ನು ದೇವರಿಗೂ ಕೊಟ್ಟರು, ಐದನೇ ದರ್ಜೆ. ಅಲ್ಲಿಂದ ಏರುತ್ತ ಏರುತ್ತ 942ರಲ್ಲಿ ಒಂದನೇ ದರ್ಜೆ. ಮರ ಕಡಿಸಿದ ತೋಜಿಗೂ ಇನಾರಿಗೂ ಆಮೇಲೆ ಎಂಥ ನಂಟು ಬೆಳೆಯಿತು ಅಂದರೆ, ಇವತ್ತಿಗೂ ಮೇ ತಿಂಗಳ ಉತ್ಸವದಲ್ಲಿ ಇನಾರಿಯ ಪಲ್ಲಕ್ಕಿಗಳು ತೋಜಿಯ ಬಾಗಿಲಿಗೆ ಹೋಗುತ್ತವೆ, ಅಲ್ಲಿಯ ಬೌದ್ಧ ಭಿಕ್ಷುಗಳು ಬಂದು ನೈವೇದ್ಯ ಇಡುತ್ತಾರೆ.

ಈಗ ನರಿಯ ವಿಷಯ. ಗುಡಿಯ ಎರಡೂ ಕಡೆ ಕೆಂಪು ಬಟ್ಟೆ ಕಟ್ಟಿಕೊಂಡ ಕಲ್ಲಿನ ನರಿಗಳು ಕೂತಿರುತ್ತವೆ. ಅವು ದೇವರಲ್ಲ, ದೇವರ ದೂತರು. ಗಣಪತಿಗೆ ಇಲಿ ಇದ್ದ ಹಾಗೆ ಅನ್ನೋಣವೆಂದರೆ ಇಲ್ಲಿ ಆ ಇಲಿಯನ್ನು ಹಿಡಿಯುವುದೇ ನರಿಯ ಕೆಲಸ. ಬಾಯಲ್ಲಿ ಏನು ಕಚ್ಚಿಕೊಂಡಿವೆ ಅಂತ ಒಂದೊಂದನ್ನೂ ನೋಡುತ್ತ ಹೋದೆ. ಒಂದರ ಬಾಯಲ್ಲಿ ಭತ್ತದ ತೆನೆ. ಇನ್ನೊಂದರ ಬಾಯಲ್ಲಿ ಬೀಗದ ಕೈ. ಅದು ಅಕ್ಕಿ ಕಣಜದ ಕೀಲಿ! ಮತ್ತೊಂದರಲ್ಲಿ ಮಣಿ, ಇನ್ನೊಂದರಲ್ಲಿ ಸುರುಳಿ.

ನರಿಗೆ ನಮ್ಮ ದೇಶದ ಕಡೆಯಿಂದಲೂ ಒಂದು ದಾರಿ ಇದೆ. 'ಡಾಕಿನಿ ಶಾಕಿನಿ' ಅಂತ ನಾವು ಚಿಕ್ಕವರಿದ್ದಾಗ ಕೇಳಿ ಹೆದರುತ್ತಿದ್ದೆವಲ್ಲ, ಆ ಡಾಕಿನಿ ತಾಂತ್ರಿಕ ಬೌದ್ಧರ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ಬಂದು 'ದಾಕಿನಿತೆನ್' ಆದಳು. ಹೆಣ ತಿನ್ನುವ ಭೀಕರ ರೂಪ ಹೋಗಿ, ಬಿಳೀ ನರಿಯ ಮೇಲೆ ಕೂತ ಸುಂದರ ದೇವಿಯಾಗಿ ಇನಾರಿಯ ಜೊತೆ ಬೆರೆತುಹೋದಳು. ಐಚಿ ಪ್ರಾಂತ್ಯದ ತೊಯೊಕಾವಾ ಇನಾರಿ ಪ್ರಸಿದ್ಧ. ಅದು ಝೆನ್ ಬೌದ್ಧರ ಮಠ, ಅಲ್ಲಿ ಪೂಜೆಗೊಳ್ಳುವುದು ಈ ನಮ್ಮ ಡಾಕಿನಿಯೇ. ಫುಶಿಮಿಯಲ್ಲೂ ಐಝೆಂಜಿ ಅಂತ ಒಂದು ಬೌದ್ಧ ದೇವಾಲಯ ಆವರಣದಲ್ಲೇ ಇತ್ತು. 1868ರಲ್ಲಿ ಮೇಜಿ ಸರಕಾರ ಶಿಂತೋ ಬೇರೆ ಬೌದ್ಧ ಬೇರೆ ಎಂದು ಕತ್ತರಿಸಿ ಹಾಕಿತು, ಐಝೆಂಜಿ ಇಲ್ಲವಾಯಿತು. ಸಾವಿರ ವರ್ಷ ಒಟ್ಟಿಗಿದ್ದವರನ್ನು ಒಂದು ಆದೇಶದಲ್ಲಿ ಬೇರೆ ಮಾಡಿದ್ದು.

ಬೆಳೆ ಅಂದಮೇಲೆ ಫಲವಂತಿಕೆ ಬರಲೇಬೇಕಲ್ಲ? ಜಪಾನಿಯಲ್ಲಿ ಮಿಂಚಿಗೆ 'ಇನಾಝುಮಾ' ಅನ್ನುತ್ತಾರೆ. ಬಿಡಿಸಿದರೆ 'ಭತ್ತದ ಸಂಗಾತಿ'. ಪೈರು ಹೂವಾಗುವ ಕಾಲಕ್ಕೆ ಗುಡುಗು ಮಿಂಚು ಜಾಸ್ತಿ. ಮಿಂಚು ಗದ್ದೆಗೆ ಬಡಿದರೆ ಪೈರು ಗರ್ಭ ಕಟ್ಟುತ್ತೆ ಅಂತ ಹಿಂದಿನವರು ನಂಬಿದ್ದರು. ಇನಾರಿ ಗುಡ್ಡದ ಮಣ್ಣನ್ನು ಒಯ್ದು ತಮ್ಮ ಗದ್ದೆಗೆ ಸೇರಿಸಿದರೆ ಬೆಳೆ ಹುಲುಸಾಗುತ್ತೆ ಅಂತ ರೈತರು ಮಣ್ಣು ಕೊಂಡೊಯ್ಯುತ್ತಿದ್ದರು. ಬೀದಿಯಲ್ಲಿ ಮಾರುವ ಫುಶಿಮಿಯ ಮಣ್ಣಿನ ಗೊಂಬೆಗೂ ಅದೇ ಗೌರವ. ಗುಡ್ಡದ ದಾರಿಯಲ್ಲಿ 'ಒಸಾನ್ಬಾ' ಅನ್ನುವ ಒಂದು ಸಣ್ಣ ಗುಡಿ ಇದೆ, ಸುಖ ಹೆರಿಗೆಗೆ ಹರಕೆ ಹೊರುವ ಜಾಗ. ಭೂಮಿಯ ಬಸಿರು, ಹೆಣ್ಣಿನ ಬಸಿರು ಎರಡಕ್ಕೂ ಒಂದೇ ಗುಡ್ಡ. ಇದೇ ಐಚಿ ಪ್ರಾಂತ್ಯದ ಕೊಮಾಕಿಯಲ್ಲಿ ತಾಗಾತಾ ದೇವಸ್ಥಾನ ಅಂತ ಇದೆ. ಪ್ರತಿ ಮಾರ್ಚ್ 15ಕ್ಕೆ ಸುಮಾರು ಎರಡೂವರೆ ಮೀಟರ್ ಉದ್ದದ ಮರದ ಲಿಂಗವನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ. ಪ್ರವಾಸಿಗಳು ಕಿಸಿಕಿಸಿ ನಗುತ್ತ ಫೋಟೋ ತೆಗೀತಾರೆ. ಆ ಹಬ್ಬದ ಹೆಸರು 'ಹೋನೆನ್ ಸಾಯ್', ಅರ್ಥ 'ಸುಗ್ಗಿಯ ವರ್ಷದ ಹಬ್ಬ' ಅಷ್ಟೆ. ನಮ್ಮ ಕಡೆ ಭೂಮಿ ಹುಣ್ಣಿಮೆಗೆ ಬಸಿರಾದ ಗದ್ದೆಗೆ ಬಯಕೆಯೂಟ ಬಡಿಸೋದಿಲ್ಲವೆ? ನನಗಂತೂ ಯಾವುದೂ ವಿಚಿತ್ರ ಅನ್ನಿಸಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಗುಡ್ಡ ಹತ್ತಲು ಶುರು ಮಾಡಿದೆ. ಎತ್ತರ 233 ಮೀಟರ್ ಮಾತ್ರ, ಆದರೆ ಮೆಟ್ಟಿಲು ಮುಗಿಯೋದೇ ಇಲ್ಲ. ಸುಸ್ತಾದಾಗೆಲ್ಲ ಸೇಯ್ ಶೋನಾಗೋನ್ ನೆನಪಾಗುತ್ತಿದ್ದಳು. ಸಾವಿರ ವರ್ಷದ ಹಿಂದೆ ಮಹಾರಾಣಿಯ ಆಸ್ಥಾನದಲ್ಲಿದ್ದ ಲೇಖಕಿ. ತನ್ನ 'ಮಕುರಾ ನೋ ಸೋಶಿ' ಕೃತಿಯಲ್ಲಿ ಹೊಟ್ಟೆಕಿಚ್ಚು ತರುವ ಸಂಗತಿಗಳ ಪಟ್ಟಿ ಮಾಡುವಾಗ ಈ ಗುಡ್ಡದ ಅನುಭವವನ್ನೂ ಬರೆದಿದ್ದಾಳೆ. ಕುದುರೆ ದಿನದಂದು ನಸುಕಿಗೇ ಹೊರಟಳಂತೆ. ಅರ್ಧ ದಾರಿಗೇ ಬಿಸಿಲೇರಿ, ಯಾಕಾದರೂ ಬಂದೆನೋ ಅಂತ ಕಣ್ಣೀರು ಬಂದು ಕೂತುಬಿಟ್ಟಳಂತೆ. ಆಗ ನಲವತ್ತು ದಾಟಿದ ಸಾಧಾರಣ ಹೆಂಗಸೊಬ್ಬಳು ಸೆರಗು ಎತ್ತಿಕಟ್ಟಿ ಇಳಿದು ಬರುತ್ತ, ತಾನು ಏಳು ಸುತ್ತಿನ ಹರಕೆ ಹೊತ್ತಿದ್ದೇನೆ, ಮೂರಾಯಿತು, ಇನ್ನು ನಾಲ್ಕೇನು ಮಹಾ ಅಂತ ಹೇಳಿ ಹೋದಳಂತೆ. ಆಸ್ಥಾನದ ವಿದುಷಿಗೆ ಆ ಹೆಂಗಸಿನ ಕಾಲುಗಳ ಮೇಲೆ ಹೊಟ್ಟೆಕಿಚ್ಚು! ನನ್ನನ್ನೂ ಅವತ್ತು ಎಪ್ಪತ್ತರ ಆಸುಪಾಸಿನ ಇಬ್ಬರು ಅಜ್ಜಿಯರು ಹರಟೆ ಹೊಡೆಯುತ್ತ ದಾಟಿ ಹೋದರು.

ಶೋನಾಗೋನ್ ಕಾಲಕ್ಕೆ ಈ ಕೆಂಪು ಕಮಾನುಗಳ ಸಾಲು ಇರಲಿಲ್ಲ. ಹರಕೆಯಾಗಿ ಕಮಾನು ಒಪ್ಪಿಸುವ ಪದ್ಧತಿ ಹಬ್ಬಿದ್ದು ಎದೋ ಕಾಲದಲ್ಲಿ, ಅಂದರೆ 1600ರ ನಂತರ. ಈಗ ಗುಡ್ಡದಲ್ಲಿ ಸುಮಾರು ಹತ್ತು ಸಾವಿರ ಇವೆ. ಹತ್ತುವಾಗ ಬರೀ ಕೆಂಪು ಕಾಣುತ್ತೆ. ತಿರುಗಿ ನೋಡಿದರೆ ಪ್ರತಿ ಕಂಬದ ಹಿಂಭಾಗದಲ್ಲೂ ಕಪ್ಪು ಅಕ್ಷರ. ಕೊಟ್ಟವರ ಹೆಸರು, ತಾರೀಖು. ಕಂಪನಿಗಳು, ಹೋಟೆಲುಗಳು, ಕಟ್ಟಡದ ಕಂಟ್ರಾಕ್ಟರುಗಳು. ಮೂರು ಸಲ ಬಂದಾಗಲೂ ನಾನು ಇಳಿಯುವಾಗ ಅವನ್ನು ಬರೀ ಚಿತ್ತಾರ ಅಂತ ನೋಡಿದ್ದೆ. ಮರದ್ದಾದ್ದರಿಂದ ಬುಡ ಕೊಳೆಯುತ್ತೆ, ತೆಗೆದು ಹೊಸದು ನಿಲ್ಲಿಸುತ್ತಾರೆ. ಅವತ್ತೂ ಒಂದು ಕಡೆ ಬರೀ ಗುಂಡಿ ಇತ್ತು, ಪಕ್ಕದಲ್ಲಿ ಮುಂದಿನ ಕಮಾನಿಗೆ ಕಾಯುವ ಖಾಲಿ ಜಾಗ.

ಅಕ್ಕಿ ದೇವರು ಹೀಗೆ ಕಂಪನಿಗಳ ದೇವರಾಗಿದ್ದು ಹೇಗೆ? ಇದಕ್ಕೆ ಉತ್ತರ ಕೆಳಗಿನ ಮಹಾದ್ವಾರದಲ್ಲೇ ಇದೆ.

ಒನಿನ್ ಯುದ್ಧದಲ್ಲಿ, 1468ರಲ್ಲಿ, ಇನಾರಿ ಗುಡ್ಡ ರಣರಂಗವಾಗಿ ಗುಡಿಗಳೆಲ್ಲ ಸುಟ್ಟುಹೋದವು. ಈಗಿನ ಮುಖ್ಯ ಗುಡಿ 1499ರಲ್ಲಿ ಮತ್ತೆ ಕಟ್ಟಿದ್ದು. ಅದರ ಮುಂದಿನ ಮಹಾದ್ವಾರ 1589ರದು, ಕಟ್ಟಿಸಿದವನು ತೊಯೊತೊಮಿ ಹಿದೆಯೋಶಿ. ಬಡ ರೈತನ ಮನೆಯಲ್ಲಿ ಹುಟ್ಟಿ ಇಡೀ ಜಪಾನನ್ನು ಒಂದು ಕೈಯಡಿ ತಂದ ಮನುಷ್ಯ. 1588ರಲ್ಲಿ ಅವನ ತಾಯಿಗೆ ಕಾಯಿಲೆ ಬಿತ್ತು. ಆಗ ಅವನು ಇನಾರಿಗೆ ಹರಕೆ ಹೊತ್ತ: ಅಮ್ಮನಿಗೆ ಇನ್ನು ಮೂರು ವರ್ಷ ಆಯುಷ್ಯ ಕೊಡು, ಆಗದಿದ್ದರೆ ಎರಡು ವರ್ಷ, ಅದೂ ಆಗದಿದ್ದರೆ ಮೂವತ್ತು ದಿನವಾದರೂ ಕೊಡು, ಹತ್ತು ಸಾವಿರ ಕೊಕು ಒಪ್ಪಿಸುತ್ತೇನೆ ಅಂತ. ದೇಶವನ್ನೇ ನಡುಗಿಸಿದವನು ದೇವರ ಹತ್ತಿರ ಮೂವತ್ತು ದಿನಕ್ಕೆ ಚೌಕಾಸಿ ಮಾಡಿದ್ದು! ತಾಯಿ 1592ರವರೆಗೆ ಬದುಕಿದ್ದಳು. ಹರಕೆ ತೀರಿಸಿದ್ದು ನಿಜವೋ ಬರೀ ಕಥೆಯೋ ಅನ್ನುವ ಅನುಮಾನ ಬಹಳ ಕಾಲ ಇತ್ತು. 1973ರಲ್ಲಿ ದ್ವಾರವನ್ನು ಬಿಚ್ಚಿ ದುರಸ್ತಿ ಮಾಡುವಾಗ ಮರದ ಮೇಲೆ ಮಸಿಯಲ್ಲಿ ಬರೆದ 'ತೆನ್ಶೋ 17', ಅಂದರೆ 1589, ಸಿಕ್ಕಿತು.

'ಕೊಕು' ಅಂದರೆ ಹಣವಲ್ಲ, ಅಕ್ಕಿಯ ಅಳತೆ. ಸುಮಾರು 180 ಲೀಟರ್, ಹತ್ತಿರ ಹತ್ತಿರ 150 ಕಿಲೋ. ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಬೇಕಾಗುವಷ್ಟು ಅನ್ನುವ ಲೆಕ್ಕ. ಹಿದೆಯೋಶಿ ದೇಶದ ಹೊಲಗದ್ದೆಗಳನ್ನೆಲ್ಲ ಅಳೆಸಿ, ಎಷ್ಟು ಕೊಕು ಬೆಳೆಯುತ್ತೆ ಅಂತ ಬರೆಸಿದ. ಮುಂದೆ ಪಾಳೆಯಗಾರನ ತೂಕ ಎಷ್ಟು ಅನ್ನೋದಕ್ಕೆ ಅದೇ ಅಳತೆ. ಹತ್ತು ಸಾವಿರ ಕೊಕು ಮತ್ತು ಅದಕ್ಕಿಂತ ಮೇಲಿದ್ದರೆ 'ದೈಮ್ಯೋ', ದೊಡ್ಡ ಪಾಳೆಯಗಾರ. ಸಾಮುರಾಯಿಯ ಸಂಬಳ ಅಕ್ಕಿಯಲ್ಲಿ, ರೈತನ ಕಂದಾಯ ಅಕ್ಕಿಯಲ್ಲಿ. ಆ ಅಕ್ಕಿಯನ್ನು ದುಡ್ಡು ಮಾಡಿಕೊಳ್ಳಲು ಎಲ್ಲರೂ ಕಳಿಸುತ್ತಿದ್ದದ್ದು ಒಸಾಕಾಕ್ಕೆ. 1730ರಲ್ಲಿ ಇಲ್ಲಿನ ದೋಜಿಮಾದಲ್ಲಿ ಅಕ್ಕಿ ವಿನಿಮಯ ಕೇಂದ್ರಕ್ಕೆ ಸರಕಾರದ ಮನ್ನಣೆ ಸಿಕ್ಕಿತು. ಇನ್ನೂ ಬಾರದ ಅಕ್ಕಿಯನ್ನು ಇವತ್ತೇ ಮಾರುವ, ಕೊಳ್ಳುವ ವ್ಯಾಪಾರ. ಈಗ ನಾವು ಫ್ಯೂಚರ್ಸ್ ಅನ್ನುತ್ತೇವಲ್ಲ, ಅದೇ. ಅಕ್ಕಿಯೇ ದುಡ್ಡಾದ ದೇಶದಲ್ಲಿ ಅಕ್ಕಿಯ ದೇವರು ದುಡ್ಡಿನ ದೇವರಾದದ್ದರಲ್ಲಿ ಆಶ್ಚರ್ಯ ಏನಿದೆ? ಎದೋ ಪಟ್ಟಣದಲ್ಲಿ ಎಲ್ಲಿ ನೋಡಿದರೂ ಸಿಗುವುದು ಮೂರು, ಇಸೇಯಾ ಎಂಬ ಹೆಸರಿನ ಅಂಗಡಿ, ಇನಾರಿ ಗುಡಿ, ನಾಯಿ ಹೇಲು ಅಂತ ಒಂದು ಗಾದೆಯೇ ಇತ್ತು. 1873ರಲ್ಲಿ ಕಂದಾಯ ಅಕ್ಕಿಯಿಂದ ನಗದಿಗೆ ಬದಲಾಯಿತು. ಅಕ್ಕಿ ಮತ್ತೆ ಬರೀ ಅಕ್ಕಿಯಾಯಿತು, ಆದರೆ ಇನಾರಿ ವ್ಯಾಪಾರದವರ ಕೈ ಬಿಡಲಿಲ್ಲ.

ಇಳಿಯುವಾಗ ಕಮಾನುಗಳ ಸಾಲು ಮುಗಿಯುವಲ್ಲಿ 'ಓಮೋಕಾರು' ಕಲ್ಲುಗಳ ಹತ್ತಿರ ನಿಂತೆ. ದೀಪಸ್ತಂಭದ ಮೇಲೆ ಎರಡು ಗುಂಡುಕಲ್ಲು. ಮನಸ್ಸಿನಲ್ಲಿ ಏನಾದರೂ ಕೋರಿಕೊಂಡು ಎತ್ತಬೇಕು. ಅಂದುಕೊಂಡಿದ್ದಕ್ಕಿಂತ ಹಗುರವಾದರೆ ಕೆಲಸ ಆಗುತ್ತೆ, ಭಾರವಾದರೆ ಕಷ್ಟ. ಗದ್ದೆ ಉಳಿಯಲಿ ಅಂತ ನೆನೆಸಿ ಎತ್ತಿದೆ. ಸಿಕ್ಕಾಪಟ್ಟೆ ಭಾರ. ಹಿಂದಿದ್ದ ಹುಡುಗ ನನ್ನ ಮುಖ ನೋಡಿ ನಕ್ಕ.

ಮಧ್ಯಾಹ್ನ ಒಂದಕ್ಕೆ ಮುಖ್ಯ ಗುಡಿಯಲ್ಲಿ ಪೂಜೆ. ಆಮೇಲೆ ಸಸಿ ಹಿಡಿದು ಎಲ್ಲರೂ ಹಿಂದಿನ ಗದ್ದೆಗೆ. ಗದ್ದೆ ಅಂದರೆ ನಮ್ಮ ಕೆಳಗಿನ ಗದ್ದೆಯ ಒಂದು ಮೂಲೆಯಷ್ಟು. ಹತ್ತು ಸಾವಿರ ಕಮಾನುಗಳ ದೇವಸ್ಥಾನಕ್ಕೆ ಇಷ್ಟೇ ಇಷ್ಟು ಗದ್ದೆಯಾ ಅನ್ನಿಸಿತು. ಬದುವಿನ ಆಚೆ ಕೊಳಲು, ವಾದ್ಯ. ಹೆಂಗಸರು ಹಳೆ ಕಾಲದ ಉಡುಗೆಯಲ್ಲಿ ನಿಧಾನ ನರ್ತನ ಶುರು ಮಾಡಿದರು, 'ಓಂದಾ ಮಾಯ್' ಅಂತ ಅದರ ಹೆಸರು. ಅದು ನಡೆಯುತ್ತಿದ್ದಂತೆ ಮೂವತ್ತರಷ್ಟು ಜನ, ಹೆಂಗಸರು ಗಂಡಸರು, ಬರಿಗಾಲಲ್ಲಿ ಕೆಸರಿಗೆ ಇಳಿದು ಬಗ್ಗಿ ಸಸಿ ಊರತೊಡಗಿದರು. ಕೆಸರಿನ ವಾಸನೆ ಮೂಗಿಗೆ ಬಂತು ನೋಡಿ... ಅಲ್ಲಿಯವರೆಗೆ ನಾನೊಬ್ಬ ಪ್ರವಾಸಿ. ಆ ವಾಸನೆಗೆ ಗಂಟಲು ಕಟ್ಟಿತು. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ನನ್ನನ್ನು ನೋಡಿ "ನಿಮ್ಮ ದೇಶದಲ್ಲೂ ಭತ್ತ ಬೆಳೀತಾರಾ?" ಅಂದರು. "ನಮ್ಮ ಮನೆಯಲ್ಲೇ ಬೆಳೀತೀವಿ" ಅಂದೆ. "ಒಳ್ಳೇದು, ಒಳ್ಳೇದು" ಅಂದು ನನಗೇ ತಲೆ ಬಾಗಿಸಿದರು. ನಾಚಿಕೆಯಾಯಿತು.

ಏಪ್ರಿಲ್ 12ಕ್ಕೆ ಬಿತ್ತನೆ, ಜೂನ್ 10ಕ್ಕೆ ನೆಟ್ಟಿ, ಅಕ್ಟೋಬರ್ 25ಕ್ಕೆ ಕೊಯ್ಲು. ಆ ಅಕ್ಕಿ ನವೆಂಬರ್ 23ರ ಹೊಸಕ್ಕಿ ಹಬ್ಬದಲ್ಲಿ ದೇವರಿಗೆ. ಉಳಿದ ಹುಲ್ಲನ್ನೂ ಬಿಸಾಡುವುದಿಲ್ಲ, ನವೆಂಬರ್ 8ರ ಅಗ್ನಿಪೂಜೆಯಲ್ಲಿ ಸುಡುತ್ತಾರೆ. ಬೆಳೆದ ದೇವರನ್ನು ವಾಪಸ್ ಗುಡ್ಡಕ್ಕೆ ಕಳಿಸುವುದು ಅಂತ ಭಾವನೆ. ಇಷ್ಟು ಸಣ್ಣ ಗದ್ದೆಗೆ ಇಷ್ಟೆಲ್ಲ!

ಎರಡು ತಿಂಗಳು ಕಳೆಯಿತು. ಆಗಸ್ಟ್ ಕೊನೆಗೆ ಒಸಾಕಾದ ನಮ್ಮ ಓಣಿಯ ಸೂಪರ್ ಮಾರ್ಕೆಟ್ಟಿಗೆ ಹೋದರೆ ಅಕ್ಕಿಯ ಕಪಾಟು ಖಾಲಿ. ಒಂದು ಮನೆಗೆ ಒಂದೇ ಚೀಲ ಅನ್ನುವ ಚೀಟಿ ಮಾತ್ರ ಇತ್ತು, ಚೀಲ ಇರಲಿಲ್ಲ. ಮೂರು ಅಂಗಡಿ ಸುತ್ತಿದೆ. ಜಪಾನಿನಲ್ಲಿ ಅಕ್ಕಿ ಇಲ್ಲ! 2023ರ ಬೇಸಿಗೆಯ ಧಗೆಗೆ ಬೆಳೆಯ ಗುಣಮಟ್ಟ ಕೆಟ್ಟಿತ್ತು. 2024ರ ಆಗಸ್ಟ್ 8ರಂದು ದೊಡ್ಡ ಭೂಕಂಪದ ಮುನ್ನೆಚ್ಚರಿಕೆ ಬಂದಮೇಲೆ ಜನ ಮನೆಯಲ್ಲಿ ಶೇಖರಿಸತೊಡಗಿದರು. ಆದರೆ ಇದರ ಬೇರು ಹಳೆಯದು. 1962ರಲ್ಲಿ ಒಬ್ಬೊಬ್ಬ ಜಪಾನಿ ವರ್ಷಕ್ಕೆ 118 ಕಿಲೋ ಅಕ್ಕಿ ಉಣ್ಣುತ್ತಿದ್ದ. ಈಗ ಸುಮಾರು 50 ಕಿಲೋ. ಬ್ರೆಡ್ಡು, ನೂಡಲ್ಸು ಬಂದವು, ಅಕ್ಕಿ ಹೆಚ್ಚಾಯಿತು. 1970ರಿಂದ 2018ರವರೆಗೆ ಸರಕಾರವೇ ದುಡ್ಡು ಕೊಟ್ಟು ಭತ್ತ ಬೆಳೆಯಬೇಡಿ ಅಂತ ಗದ್ದೆ ಕಡಿಮೆ ಮಾಡಿಸಿತು. ರೈತರಿಗೆ ವಯಸ್ಸಾಯಿತು, ಮಕ್ಕಳು ಪಟ್ಟಣ ಸೇರಿದರು. (ಯಾರ ಮಕ್ಕಳು ಅಂತ ನಾನು ಬೇರೆ ಹೇಳಬೇಕೆ?) 2025ರ ಮೇ ಹೊತ್ತಿಗೆ ಐದು ಕಿಲೋ ಅಕ್ಕಿಗೆ 4,000 ಯೆನ್ ದಾಟಿತು, ಹಿಂದಿನ ವರ್ಷದ ಎರಡರಷ್ಟು. ಸರಕಾರ ತುರ್ತಿಗೆ ಇಟ್ಟಿದ್ದ ಕಣಜ ತೆಗೆದು ಮಾರಿತು. ನರಿಯ ಬಾಯಲ್ಲಿದ್ದ ಕೀಲಿ ನೆನಪಾಯಿತು ನನಗೆ.

ಖಾಲಿ ಕಪಾಟು ನೋಡಿ ಬಂದ ರಾತ್ರಿಯೇ ಊರಿಗೆ ಫೋನ್ ಮಾಡಿದೆ. "ಅಪ್ಪಯ್ಯ, ಇಲ್ಲಿ ಅಕ್ಕಿ ಸಿಗ್ತಾ ಇಲ್ಲ" ಅಂದೆ. ಅವರು ನಂಬಲಿಲ್ಲ. ಆಮೇಲೆ ಮೋಚಿ ಉಂಡೆಗೆ ಬಾಣ ಬಿಟ್ಟವನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದರು: "ಕಥೆ ಚೆನ್ನಾಗಿದೆ. ಆದ್ರೆ ನಾನೇನು ಅನ್ನಕ್ಕೆ ಬಾಣ ಬಿಡ್ತಾ ಇಲ್ಲ ಮಾರಾಯ, ನಂಗೆ ಬಗ್ಗೋದಕ್ಕೆ ಆಗ್ತಾ ಇಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ದೇವಸ್ಥಾನದ ಗದ್ದೆ ಎಷ್ಟು ದೊಡ್ಡದು ಅಂತ ಅವರೇ ಕೇಳಿದರು. ನಮ್ಮ ಕೆಳಗಿನ ಗದ್ದೆಯ ಒಂದು ಮೂಲೆಯಷ್ಟು ಅಂದೆ. "ಅಷ್ಟು ದೊಡ್ಡ ದೇವ್ರಿಗೆ ಅಷ್ಟೇನಾ?" ಅಂತ ನಕ್ಕರು. "ಹಾಗಾದ್ರೆ ಒಂದು ಕೆಲಸ ಮಾಡೋಣ. ಮೇಲಿನ ಮೂರಕ್ಕೆ ಅಡಿಕೆ ಇಡ್ತೀನಿ. ಕೆಳಗಿಂದು ಇರಲಿ. ಭೂಮಿ ಹುಣ್ಣಿಮೆಗೆ ಚರಗ ಬೀರೋಕೆ ಒಂದು ಗದ್ದೆ ಬೇಕಲ್ಲ. ಆದ್ರೆ ನೆಟ್ಟಿಗೆ ನೀನು ಬರಬೇಕು."

2025ರ ಜುಲೈನಲ್ಲಿ ಹದಿನೈದು ದಿನ ರಜೆ ಹಾಕಿ ಹೋದೆ. ಮೇಲಿನ ಮೂರು ಗದ್ದೆಯಲ್ಲಿ ಕಾಲುವೆ ತೆಗೆದು ಅಡಿಕೆ ಸಸಿ ಇಟ್ಟಾಗಿತ್ತು. ನೋಡೋಕೆ ಬೇಜಾರು, ಆದರೆ ತಪ್ಪು ಅಂತ ಹೇಳುವ ಬಾಯಿ ನನಗಿಲ್ಲ. ಕೆಳಗಿನ ಗದ್ದೆಯಲ್ಲಿ ಅರ್ಧ ದಿನ ಬಗ್ಗಿ ನೆಟ್ಟೆ. ಸೊಂಟ ಬಿದ್ದುಹೋಯಿತು. ನಾನು ನೆಟ್ಟ ಸಾಲುಗಳು ಎಷ್ಟು ಸೊಟ್ಟ ಇದ್ದವು ಅಂದರೆ, ನೆಟ್ಟಿಗೆ ಬಂದಿದ್ದ ಪಕ್ಕದ ಮನೆಯ ಅಮ್ಮ ಒಂದೂ ಮಾತಾಡದೆ ಅಷ್ಟನ್ನೂ ಕಿತ್ತು ಮತ್ತೆ ನೆಟ್ಟರು.